ಯಾವ ಪ್ಲಾಟ್‌ಫಾರಂ, ಭಾವ?

ನಮ್ಮ ಭಾವನಿಗೆ ‘ಪ್ಲಾಟ್‌ಫಾರಂ’ ಎಂಬ ಮಾತು ಹೊಸದೇನಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಹಾಸನದ ಬಸ್ಸು ಎಷ್ಟನೇ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಶಿವಮೊಗ್ಗದ ಬಸ್ಸು ಎಷ್ಟನೆಯದಕ್ಕೆ ಬರಬೇಕು, ಅಲ್ಲಿಗೆ ಬಾರದೆ ಎಲ್ಲಿ ಅಡ್ಡ ನಿಂತಿರುತ್ತದೆ ಎಂಬುದನ್ನೆಲ್ಲ ನಡುರಾತ್ರಿ ಎಬ್ಬಿಸಿ ಕೇಳಿದರೂ ಒಪ್ಪಿಸುವ ಜನ. ಅಂಥವರು ಒಂದು ಭಾನುವಾರ ಬೆಳಗ್ಗೆ ಏಳಕ್ಕೇ ಅರಸೀಕೆರೆಯಿಂದ ಫೋನು ಮಾಡಿ, “ಏನಯ್ಯಾ ಭಾಮೈದ, ನಾನೀಗ ಯಾವ ಪ್ಲಾಟ್‌ಫಾರಮ್ಮಿಗೆ ಹೋಗೋದು ಹೇಳು” ಅಂದರು.

“ಎಲ್ಲಿಗೆ ಹೊರಟಿದ್ದೀರಿ ಭಾವ?”

“ಎಲ್ಲಿಗೂ ಇಲ್ಲ. ಜಗಲಿ ಮೇಲೆ ಕೂತಿದ್ದೀನಿ. ವಿಡಿಯೋ ಹಾಕೋಕೆ ಕೇಳ್ತಿದ್ದೀನಿ.”

ಹಿಂದಿನಿಂದ ಅಕ್ಕನ ದನಿ: “ಹಾಕೋ ವಯಸ್ಸು ನೋಡು!”

ನಾನು ಪತ್ರಿಕೆಗೆ ನಾಲ್ಕು ಸಾಲು ಗೀಚುತ್ತೇನೆ ಎಂಬ ಒಂದೇ ಅಪರಾಧಕ್ಕೆ ನಮ್ಮ ನೆಂಟರಿಷ್ಟರಲ್ಲಿ ಗ್ಯಾಸ್ ಬುಕ್ ಮಾಡುವುದರಿಂದ ಹಿಡಿದು ಮದುವೆ ಕಾರ್ಡಿನ ಒಕ್ಕಣೆಯವರೆಗೆ ಎಲ್ಲಕ್ಕೂ ನಾನೇ ಪಂಡಿತ. ಈಗ ಅದಕ್ಕೆ ಇದೊಂದು ಸೇರಿತು. ಮುಂದಿನ ಶನಿವಾರ ರೈಲು ಹತ್ತಿ ಅರಸೀಕೆರೆಗೆ ಹೋದೆ. ಹೋದದ್ದು ಭಾವನಿಗೆ ಬುದ್ಧಿ ಹೇಳಲು ಎಂದು ಹೆಂಡತಿಗೆ ಹೇಳಿದ್ದೆ. ಅಕ್ಕನ ಕೈಯ ಅಕ್ಕಿರೊಟ್ಟಿಯ ವಿಷಯ ಎತ್ತಲಿಲ್ಲ.

ಭಾವನ ಕಲಾಜೀವನದ ಕಥೆ ಮೊದಲು ಹೇಳಿಬಿಡಬೇಕು. ಅವರು ನಿವೃತ್ತರಾದದ್ದು 2019ರಲ್ಲಿ. ಮೊದಲ ಒಂದು ತಿಂಗಳು ಮನೆಯಲ್ಲಿ ಮಹಾ ಸಂಕಟ. ಊಟದ ಪಂಕ್ತಿಯಲ್ಲಿ “ಹಿಂದೆ ಜಾಗ ಇದೆ, ಸರೀರಿ” ಅನ್ನುವರು. ಆಟೋ ಹತ್ತಿ ಕೂತು ‘ರೈಟ್’ ಅನ್ನುವರು. ದೇವಸ್ಥಾನದಲ್ಲಿ ಪೂಜಾರಿ ಮಂಗಳಾರತಿ ತಟ್ಟೆ ಹಿಡಿದರೆ ಹತ್ತು ರೂಪಾಯಿ ಹಾಕಿ ಐದು ರೂಪಾಯಿ ವಾಪಸ್ಸು ಬರುತ್ತದೇನೋ ಎಂದು ನಿಂತೇ ಇರುವರು. ನೋಡಲಾರದೆ ಪಕ್ಕದ ಮನೆಯ ಹುಡುಗ ಅವರ ಫೋನಿಗೆ ಟಿಕ್‌ಟಾಕ್ ಹಾಕಿಕೊಟ್ಟ. ಅಲ್ಲಿಗೆ ಮೀನು ನೀರಿಗೆ ಬಿತ್ತು. ಎರಡು ಸ್ಟಾಪುಗಳ ನಡುವೆ ಐವತ್ತು ಜನರಿಗೆ ಟಿಕೆಟ್ ಹರಿದು, ಹತ್ತು ಜನರನ್ನು ಬೈದು, ಇಪ್ಪತ್ತು ಜನರನ್ನು ನಗಿಸಿ, ಚಿಲ್ಲರೆ ಕೊಟ್ಟೂ ಕೊಡದ ಹಾಗೆ ಮಾಡಿ ವೇಬಿಲ್ಲು ಬರೆದು ಮುಗಿಸುತ್ತಿದ್ದ ಮನುಷ್ಯನಿಗೆ ಹದಿನೈದು ಸೆಕೆಂಡು ಎಂದರೆ ಧಾರಾಳವಾಯಿತು.

ಅವರ ಹೆಸರಾಂತ ವಿಡಿಯೋ ‘ಅರ್ಧ ಟಿಕೆಟ್’. ಕಂಡಕ್ಟರೂ ಅವರೇ, ತಾಯಿಯೂ ಅವರೇ, ಮಗುವೂ ಅವರೇ. “ಮಗೂಗೆ ಎಷ್ಟಮ್ಮ ವಯಸ್ಸು?” “ಐದು ತುಂಬಿಲ್ಲಣ್ಣ.” ಆಗ ಮಗು: “ನಾನು ಮೂರನೇ ಕ್ಲಾಸು!” ಇಷ್ಟೇ. ತಲೆಗೆ ಅಕ್ಕನ ಸೆರಗು, ಕೊರಳಿಗೆ ಹಳೆಯ ಚರ್ಮದ ಚೀಲ. ಇದಕ್ಕೆ ಹನ್ನೊಂದು ಸಾವಿರ ಜನ ಹಿಂಬಾಲಕರಾದರು. ಅರಸೀಕೆರೆಯ ಸಂತೆಗೆ ಹೋದರೆ ಸೊಪ್ಪಿನವಳು “ಅರ್ಧ ಟಿಕೆಟಣ್ಣ” ಎಂದು ಕರೆದು ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಕೊಡುತ್ತಿದ್ದಳಂತೆ. ಕಲೆಯಿಂದ ಭಾವ ಗಳಿಸಿದ ಒಟ್ಟು ಆದಾಯ ಅಷ್ಟೇ ಎಂಬುದು ಅಕ್ಕನ ಲೆಕ್ಕ.

ಆಮೇಲೆ ಬಂತು 2020ರ ಜೂನ್ 29. ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟು ಎರಡು ವಾರವಾಗಿತ್ತು. ಅಂದು ರಾತ್ರಿ ಕೇಂದ್ರ ಸರ್ಕಾರ ಐಟಿ ಕಾಯ್ದೆಯ 69ಎ ಕಲಮಿನಡಿ ಒಂದೇ ಏಟಿಗೆ 59 ಚೀನೀ ಆ್ಯಪುಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಜೊತೆಗೆ ಅದರ ಅಣ್ಣತಮ್ಮಂದಿರಾದ ಹೆಲೋ, ವಿಗೋ ವಿಡಿಯೋ, ಓರಗೆಯ ಲೈಕಿ. ಸಂಬಂಧವಿಲ್ಲದ ಕ್ಯಾಮ್‌ಸ್ಕ್ಯಾನರ್, ಯುಸಿ ಬ್ರೌಸರ್, ಶೇರ್‌ಇಟ್ ಕೂಡ. ಟಿಕ್‌ಟಾಕ್ ಒಂದಕ್ಕೇ ನಮ್ಮ ದೇಶದಲ್ಲಿ ಸುಮಾರು 20 ಕೋಟಿ ಬಳಕೆದಾರರಿದ್ದರು. ಅದಕ್ಕೂ ಹಿಂದಿನ ವರ್ಷ, 2019ರ ಏಪ್ರಿಲ್‌ನಲ್ಲಿ, ಮದ್ರಾಸ್ ಹೈಕೋರ್ಟಿನ ಆದೇಶದಿಂದ ಅದು ಆ್ಯಪ್ ಅಂಗಡಿಗಳಿಂದ ಮಾಯವಾಗಿ ಕೆಲವೇ ದಿನಗಳಲ್ಲಿ ವಾಪಸ್ಸು ಬಂದಿತ್ತು. ಈ ಸಲವೂ ಹಾಗೇ ಬರುತ್ತದೆ ಎಂದು ಭಾವ ಕಾದರು. 2021ರ ಜನವರಿಯಲ್ಲಿ ನಿಷೇಧ ಕಾಯಂ ಆಯಿತು.

“ದುಃಖ ಆಯ್ತಾ ಭಾವ?” ಎಂದೆ.

“ಗಡಿಯಲ್ಲಿ ಹುಡುಗರು ಸತ್ತಿರುವಾಗ ಸೆರಗು ಹೊದ್ದ ನನ್ನ ವಿಡಿಯೋಗೆ ಯಾರಯ್ಯ ಅಳ್ತಾರೆ? ಹೋಗ್ಲಿ ಅಂದೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಆ ಹನ್ನೊಂದು ಸಾವಿರ ಜನ ಎಲ್ಲಿ ಇಳಿದುಹೋದರೋ ಗೊತ್ತಾಗಲಿಲ್ಲ ನೋಡು” ಎಂದರು.

ಅಕ್ಕ ಆ ರಾತ್ರಿ ಶಾವಿಗೆ ಪಾಯಸ ಮಾಡಿದ್ದಳಂತೆ. ಅದು ದೇಶಭಕ್ತಿಗೋ ಸೆರಗು ವಾಪಸ್ಸು ಬಂದದ್ದಕ್ಕೋ ಎಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಕೊನೆಯ ಬಸ್ಸು ರದ್ದಾಯಿತು ಎಂದರೆ ಏನಾಗುತ್ತದೆ ಎಂದು ನೀವೂ ನೋಡಿರುತ್ತೀರಿ. ಅದುವರೆಗೆ ಮೂಲೆಯಲ್ಲಿ ನಿದ್ದೆ ಹೊಡೆಯುತ್ತಿದ್ದ ಟೆಂಪೋ, ಮ್ಯಾಕ್ಸಿಕ್ಯಾಬ್‌ಗಳೆಲ್ಲ ಎದ್ದು ಬಂದು ‘ಹಾಸ್ನಾ ಹಾಸ್ನಾ ಹಾಸ್ನಾ’ ಎಂದು ಕೈಹಿಡಿದು ಎಳೆಯುತ್ತವೆ. 2020ರ ಜುಲೈ ಹಾಗೇ ಇತ್ತು. ಚಿಂಗಾರಿ ಬಂತು, ಮಿತ್ರೋಂ ಬಂತು, ರೊಪೊಸೊ ಬಂತು, ಮೋಜ್ ಬಂತು, ಜೋಶ್ ಬಂತು, ಎಂಎಕ್ಸ್ ಟಕಾಟಕ್ ಬಂತು. ಚೀನಾದ ಜಾಗಕ್ಕೆ ನುಗ್ಗಿದ ಇವುಗಳಲ್ಲಿ ಬಹುಪಾಲಿನ ವಿಳಾಸ ನಮ್ಮ ಬೆಂಗಳೂರು. ಮೋಜ್ ಹೆತ್ತ ಶೇರ್‌ಚಾಟ್ ಬೆಂಗಳೂರಿನದು, ಜೋಶ್‌ನ ತಾಯಿಮನೆ ಡೈಲಿಹಂಟ್ ಬೆಂಗಳೂರಿನದು, ರೊಪೊಸೊವನ್ನು ಹಿಂದಿನ ವರ್ಷವಷ್ಟೇ ಕೊಂಡಿದ್ದ ಇನ್‌ಮೊಬಿ ಬಳಗ ಬೆಂಗಳೂರಿನದು, ಚಿಂಗಾರಿ, ಮಿತ್ರೋಂ ಕೂಡ ಇಲ್ಲಿಯವೇ. ಕನ್ನಡಿಗರಾದ ನಾವು ಎಂದಿನಂತೆ, ಊರಿನ ತುಂಬ ಹೀಗೆಲ್ಲ ನಡೆಯುತ್ತಿದೆ ಎಂಬುದನ್ನು ದೆಹಲಿಯ ಟಿವಿಯಲ್ಲಿ ನೋಡಿ ತಿಳಿದೆವು.

ಮಿತ್ರೋಂ ಕಥೆಯಂತೂ ನಾಟಕದ ಕಂಪನಿಗೆ ಕೊಡಬೇಕು. ಸ್ವದೇಶಿ ಸ್ವದೇಶಿ ಎಂದು ಜನ ಮುಗಿಬಿದ್ದು ಇಳಿಸಿಕೊಂಡ ಆ ಆ್ಯಪಿನ ಮೂಲ ಕೋಡನ್ನು ತಾನು 34 ಡಾಲರಿಗೆ ಮಾರಿದ್ದು ಎಂದು ಪಾಕಿಸ್ತಾನದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಹೇಳಿದ್ದು ಆಗ ದೊಡ್ಡ ಸುದ್ದಿಯಾಯಿತು. ಚೀನಾ ಬೇಡ ಎಂದು ಹೊರಟವರ ಕಥೆ ಹೀಗಾಯಿತು. ಗೂಗಲ್ ತನ್ನ ಅಂಗಡಿಯಿಂದ ಅದನ್ನು ತೆಗೆಯಿತು, ರಿಪೇರಿ ಮಾಡಿಸಿದ ಮೇಲೆ ಮತ್ತೆ ಒಳಗೆ ಬಿಟ್ಟಿತು. ಚಿಂಗಾರಿಗೆ ಆ ಆಗಸ್ಟ್‌ನಲ್ಲಿ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಸಿಕ್ಕಿತು; ಮುಂದಿನ ವರ್ಷ ಅದು ‘ಗರಿ’ ಎಂಬ ತನ್ನದೇ ಕ್ರಿಪ್ಟೊ ನಾಣ್ಯವನ್ನು ಸಲ್ಮಾನ್ ಖಾನ್ ಕೈಲಿ ಹೊಗಳಿಸಿತು. ಮೋಜ್ ಮತ್ತು ಟಕಾಟಕ್ 2022ರ ಫೆಬ್ರವರಿಯಲ್ಲಿ ಒಂದಾದವು.

ನಮ್ಮ ಭಾವ ಇವುಗಳಲ್ಲಿ ನಾಲ್ಕಕ್ಕೆ ಒಂದೇ ವಾರದಲ್ಲಿ ಹತ್ತಿದರು. ಹತ್ತಿದ ಕಡೆಯಲ್ಲೆಲ್ಲ ‘ಅರ್ಧ ಟಿಕೆಟ್’ ಮೊದಲಿಂದ ಆಡಬೇಕಾಯಿತು, ಹಳೆಯ ವಿಡಿಯೋ ಅವರ ಹತ್ತಿರ ಉಳಿದಿರಲಿಲ್ಲ. ಅದು ಆ್ಯಪಿನಲ್ಲೇ ತೆಗೆದದ್ದು, ಆ್ಯಪಿನಲ್ಲೇ ಇಟ್ಟದ್ದು, ಆ್ಯಪಿನ ಜೊತೆಗೇ ಹೋದದ್ದು. ಎರಡನೇ ಸಲ ಆಡಿದ ಅರ್ಧ ಟಿಕೆಟ್ ಮೊದಲಿನ ಹಾಗೆ ಬರಲಿಲ್ಲ ಎಂದು ಅವರಿಗೇ ಅನಿಸಿತು. “ಮಗು ಸ್ವಲ್ಪ ದೊಡ್ಡದಾಗಿಬಿಟ್ಟಿತ್ತು ಕಣಯ್ಯಾ” ಎಂದರು.

ಈ ಆ್ಯಪುಗಳಲ್ಲಿ ಒಂದು, ಹೆಸರು ಬೇಡ, ಅವರಿಗೆ ದುಡ್ಡಿನ ಆಸೆ ಹುಟ್ಟಿಸಿತು. ವಿಡಿಯೋ ಹಾಕಿದರೆ ಇಷ್ಟು ನಾಣ್ಯ, ನೋಡಿದರೆ ಇಷ್ಟು ನಾಣ್ಯ, ನೆಂಟರನ್ನು ಸೇರಿಸಿದರೆ ಇನ್ನಷ್ಟು ನಾಣ್ಯ. ಹೊಳೆಯುವ ಹಳದಿ ನಾಣ್ಯಗಳು ಪರದೆಯ ಮೇಲೆ ಠಣ್ ಠಣ್ ಎಂದು ಬೀಳುತ್ತಿದ್ದವು. ಭಾವ ನೆಂಟರಿಷ್ಟರನ್ನೆಲ್ಲ ಸೇರಿಸಿದರು, ನನ್ನನ್ನೂ. ಎಂಟು ತಿಂಗಳಾದ ಮೇಲೆ ನಾಣ್ಯವನ್ನೆಲ್ಲ ರೂಪಾಯಿಗೆ ತಿರುಗಿಸಿ ನೋಡಿದರೆ 47 ರೂಪಾಯಿ. ತೆಗೆಯಲು ಹೋದರೆ ‘ಕನಿಷ್ಠ 100 ರೂಪಾಯಿ ಆಗಬೇಕು’ ಎಂದು ಬಂತು. 100 ಆಗುವುದರೊಳಗೆ ಆ ಯೋಜನೆಯೇ ನಿಂತಿತು.

ಇದನ್ನು ಹೇಳುವಾಗ ಭಾವನಿಗೆ ಎಂಥ ಸಿಟ್ಟು! “ದುಡಿದ ದುಡ್ಡು ಕಣಯ್ಯಾ! ಬರೆದುಕೊಂಡಿದ್ದಾರೆ, ಕೊಡ್ತೀವಿ ಅಂತಾರೆ, ಕೊಡಲ್ಲ!”

ಒಳಗೆ ಬೀನ್ಸು ಸೋಸುತ್ತಿದ್ದ ಅಕ್ಕ ಚಾಕು ಕೆಳಗಿಟ್ಟಳು. “ಮೂವತ್ತೊಂದು ವರ್ಷ ಜನಗಳ ಟಿಕೆಟ್ ಹಿಂದೆ ‘ಮೂರು ರೂಪಾಯಿ ಬಾಕಿ’ ಅಂತ ಗೀಚಿಕೊಟ್ಟು, ಅವರು ಇಳಿಯೋ ಹೊತ್ತಿಗೆ ಹಿಂದಿನ ಬಾಗಿಲ ಹತ್ತಿರ ಹೋಗಿ ಶೀಟಿ ಊದ್ತಿದ್ದಿರಲ್ಲ, ಅವರೆಲ್ಲ ಸೇರಿ ಆ ಆ್ಯಪ್ ಮಾಡಿರಬೇಕು” ಎಂದಳು.

ಭಾವ ಕೆಮ್ಮಿದರು. ನಾನು ಅಕ್ಕಿರೊಟ್ಟಿಗೆ ಇನ್ನೊಂದು ಸಲ ಚಟ್ನಿ ಹಾಕಿಸಿಕೊಂಡೆ.

ಊಟವಾದ ಮೇಲೆ, ಪಂಡಿತನಾಗಿ ಬಂದದ್ದಕ್ಕೆ ನಾಲ್ಕು ಮಾತಾಡಬೇಕಲ್ಲ ಎಂದು ನಾನು ಇತಿಹಾಸ ತೆಗೆದೆ. ಚಿಕ್ಕ ವಿಡಿಯೋ ಈ ಕಾಲದ ಪಿಡುಗು, ಮಕ್ಕಳ ಗಮನವೆಲ್ಲ ಹಾಳಾಯಿತು ಎಂದು ನಮ್ಮ ಸಭೆಗಳಲ್ಲಿ ಭಾಷಣ ಕೇಳುತ್ತೇವಲ್ಲ, ಸಿನಿಮಾ ಹುಟ್ಟಿದ್ದೇ ಆ ಅಳತೆಯಲ್ಲಿ ಎಂದೆ. ಲೂಮಿಯೇ ಸಹೋದರರ ಮೊದಲ ಚಿತ್ರಗಳು ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದ ಫಿಲ್ಮೇ ಅಷ್ಟು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ದುಡ್ಡು ಕೊಟ್ಟು ನಮ್ಮ ದೇಶದವರು ಮೊದಲ ಸಲ ಸಿನಿಮಾ ನೋಡಿದ್ದೂ ಇದನ್ನೇ. ರೈಲು ಬಂತು, ಜನ ಇಳಿದರು, ಮುಗಿಯಿತು. ಮುಂದಿನದು, ಮುಂದಿನದು. ಬೆರಳಿಂದ ಮೇಲಕ್ಕೆ ತಳ್ಳುವ ಕೆಲಸವೊಂದು ಇರಲಿಲ್ಲ. ಯೂಟ್ಯೂಬಿಗೆ ಹಾಕಿದ ಮೊತ್ತಮೊದಲ ವಿಡಿಯೋ, 2005ರ ಏಪ್ರಿಲ್ 23ರದು, 19 ಸೆಕೆಂಡಿನದು; ಆ ತಾಣವನ್ನು ಕಟ್ಟಿದವರಲ್ಲೊಬ್ಬ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಇವುಗಳ ಸೊಂಡಿಲು ಬಹಳ ಉದ್ದ ಎಂಬ ಅಮೂಲ್ಯ ಸಂಗತಿ ತಿಳಿಸುತ್ತಾನೆ.

“ರೈಲು ಬಂದು ಜನ ಇಳಿದರೆ ಅದನ್ನು ದುಡ್ಡು ಕೊಟ್ಟು ನೋಡಿದರಾ?” ಎಂದರು ಭಾವ. “ನಮ್ಮ ಜಂಕ್ಷನ್‌ನಲ್ಲಿ ದಿನಾ ಬಿಟ್ಟಿ ನೋಡಬಹುದಲ್ಲಯ್ಯ.”

ಆಮೇಲೆ ವೈನ್ ಕಥೆ ಹೇಳಿದೆ. ಕುಡಿಯುವುದಲ್ಲ. 2013ರಲ್ಲಿ ಟ್ವಿಟರ್ ತೆರೆದ ವಿಡಿಯೋ ಆ್ಯಪು. ಆರು ಸೆಕೆಂಡಷ್ಟೇ, ಮತ್ತೆ ಮತ್ತೆ ಸುತ್ತುವುದು. ಅಲ್ಲಿ ಹೆಸರು ಮಾಡಿದ ಹುಡುಗರಿಗೆ ಸಿಕ್ಕಿದ್ದು ಚಪ್ಪಾಳೆ ಮಾತ್ರ. ದುಡ್ಡಿನ ವ್ಯವಸ್ಥೆ ಇರಲಿಲ್ಲ. ಅವರು ಒಬ್ಬೊಬ್ಬರಾಗಿ ಯೂಟ್ಯೂಬ್, ಇನ್‌ಸ್ಟಾಗ್ರಾಂ ಕಡೆ ಜಾರಿದರು. 2017ರ ಜನವರಿಯಲ್ಲಿ ಅಂಗಡಿಗೆ ಬೀಗ. ತುಟಿ ಕುಣಿಸುವುದನ್ನು ಲೋಕಕ್ಕೇ ಕಲಿಸಿದ ಡಬ್‌ಸ್ಮ್ಯಾಶ್ ಅನ್ನು ರೆಡಿಟ್ ಕೊಂಡಿತು, 2022ರ ಫೆಬ್ರವರಿಯಲ್ಲಿ ಮುಚ್ಚಿತು. ವಿಡಿಯೋದ್ದಲ್ಲದಿದ್ದರೂ ನಮ್ಮ ಬೆಂಗಳೂರಿನ ಹಳದಿ ಹಕ್ಕಿ ‘ಕೂ’ ಕೂಡ 2024ರ ಜುಲೈನಲ್ಲಿ ಹಾರಿಹೋಯಿತು.

“ಅಂದರೆ ಯಾವ ಬಸ್ಸೂ ಕೊನೇತನಕ ಹೋಗಲ್ಲ ಅನ್ನು.”

“ಹೋಗಲ್ಲ ಭಾವ. ಅದಕ್ಕೇ, ನಿಮ್ಮ ಲಗೇಜು ನಿಮ್ಮ ಕೈಯಲ್ಲಿರಲಿ. ವಿಡಿಯೋ ಮೊದಲು ಫೋನಿನ ಕ್ಯಾಮರಾದಲ್ಲಿ ತೆಗೆಯಿರಿ, ಒಂದು ಪ್ರತಿ ಬೇರೆ ಕಡೆ ಇಡಿ, ಆಮೇಲೆ ಆ್ಯಪಿಗೆ ಹಾಕಿ. ಇನ್ನೊಂದು, ಒಂದು ಆ್ಯಪಿನಿಂದ ಇಳಿಸಿದ್ದನ್ನು ಮುದ್ರೆ ಸಮೇತ ಇನ್ನೊಂದಕ್ಕೆ ಹಾಕಬೇಡಿ. ಬೇರೆಯವರ ಗುರುತು ಕಂಡ ವಿಡಿಯೋವನ್ನು ನಾವು ಹೆಚ್ಚು ಜನರಿಗೆ ತೋರಿಸಲ್ಲ ಅಂತ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿಬಿಟ್ಟಿದೆ.”

“ಸರಿಯಾಗೇ ಇದೆ. ಪ್ರೈವೇಟ್ ಬಸ್ಸಿನ ಟಿಕೆಟ್ ಹಿಡ್ಕೊಂಡು ನನ್ನ ಬಸ್ಸಿಗೆ ಬಂದರೆ ನಾನೂ ಇಳಿಸ್ತಿದ್ದೆ.”

ಈಗ ನಿಜವಾದ ಪ್ರಶ್ನೆಗೆ ಬಂದೆವು. ಟೆಂಪೋಗಳೆಲ್ಲ ಕೂಗಿ ಕೂಗಿ ಸುಸ್ತಾಗುವ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ನಿಧಾನವಾಗಿ ಎರಡು ದೊಡ್ಡ ಗಾಡಿಗಳು ಬಂದು ನಿಂತಿದ್ದವು. ನಿಷೇಧದ ಹತ್ತನೇ ದಿನಕ್ಕೆ, 2020ರ ಜುಲೈ 8ರಂದು, ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಬಿಟ್ಟಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಷಾರ್ಟ್ಸನ್ನು ಮೊದಲು ಪರೀಕ್ಷೆಗಿಟ್ಟದ್ದೂ ನಮ್ಮ ದೇಶದಲ್ಲೇ. ಸ್ವದೇಶಿ ಟೆಂಪೋದವರು ಹೊಸ ಜನರನ್ನು ಹುಡುಕಬೇಕಿತ್ತು. ಇವರಿಬ್ಬರ ಗಾಡಿಯಲ್ಲಿ ಜನ ಆಗಲೇ ಕೂತಿದ್ದರು, ಇನ್ನೊಂದು ಸೀಟು ಹಾಕಿದರೆ ಸಾಕಾಗಿತ್ತು. ಯಾರ ಎಂಜಿನ್ ಚೆನ್ನಾಗಿದೆ, ಯಾರ ಆ್ಯಪಿನಲ್ಲಿ ಮುಖಕ್ಕೆ ಬೆಕ್ಕಿನ ಮೀಸೆ ಬರುತ್ತದೆ, ಯಾರದು ಅಚ್ಚಗನ್ನಡದಲ್ಲಿ ಮಾತಾಡುತ್ತದೆ ಎಂದೆಲ್ಲ ನಾವು ತೂಗಿ ನೋಡುತ್ತೇವೆ. ಪ್ರಯಾಣಿಕರು ನೋಡುವುದು ಒಂದೇ: ಯಾವ ಬಸ್ಸಿನಲ್ಲಿ ಆಗಲೇ ಜನ ಇದ್ದಾರೆ? ಖಾಲಿ ಬಸ್ಸಿಗೆ ಯಾರೂ ಹತ್ತುವುದಿಲ್ಲ, ಅದು ಹೊರಡುವುದಿಲ್ಲ ಎಂಬ ಭಯ. ಮೂವತ್ತೊಂದು ವರ್ಷದ ಅನುಭವಿ ತಲೆಯಾಡಿಸಿದರು. ಅದಕ್ಕೇ ಅಂತೆ ಹಿಂದೆ ಕೆಲವು ಪ್ರೈವೇಟ್ ಬಸ್ಸಿನವರು ತಮ್ಮ ಹುಡುಗರನ್ನೇ ನಾಲ್ಕು ಸೀಟಿನಲ್ಲಿ ಕೂರಿಸಿ, ಬಸ್ಸು ಹೊರಟ ಮೇಲೆ ಸರ್ಕಲ್ಲಿನಲ್ಲಿ ಇಳಿಸಿಕೊಳ್ಳುತ್ತಿದ್ದದ್ದು.

ಎರಡರಲ್ಲಿ ಯಾವುದು? ನನ್ನ ಅಭಿಪ್ರಾಯ ಷಾರ್ಟ್ಸ್ ಕಡೆಗಿತ್ತು. ಬಣ್ಣ, ಬೆಡಗು, ಹೊಸ ಅಂಗಡಿ, ಮದುವೆಯ ಮೇಕಪ್ಪು ಇವೆಲ್ಲ ಇನ್‌ಸ್ಟಾಗ್ರಾಮಿನ ಸಾಮ್ರಾಜ್ಯ. ಅಲ್ಲಿ ದುಡ್ಡು ಬರುವುದೂ ಹೆಚ್ಚಾಗಿ ಬ್ರಾಂಡಿನವರು ಕರೆದು ಕೊಟ್ಟಾಗ. ಅರವತ್ತಾರು ವರ್ಷದ ಮಾಜಿ ಕಂಡಕ್ಟರಿಗೆ ಯಾವ ಲಿಪ್‌ಸ್ಟಿಕ್ಕಿನವರು ಕರೆ ಮಾಡುತ್ತಾರೆ? ಯೂಟ್ಯೂಬಿನಲ್ಲಾದರೆ ಹುಡುಕಿಕೊಂಡು ಬರುವವರಿದ್ದಾರೆ. ಯಾರೋ ಮೂರು ವರ್ಷದ ಮೇಲೆ ‘ಬಸ್ ಕಂಡಕ್ಟರ್ ಕಾಮಿಡಿ’ ಎಂದು ಒತ್ತಿದರೂ ಭಾವ ಎದ್ದು ಬರಬಹುದು. ದುಡ್ಡಿನ ನಿಯಮವೂ ಬರಹದಲ್ಲಿದೆ: 2023ರ ಫೆಬ್ರವರಿಯಿಂದ ಷಾರ್ಟ್ಸ್ ನಡುವಿನ ಜಾಹೀರಾತಿನ ಹಣವನ್ನು ಒಟ್ಟು ಹಾಕಿ, ಹಾಡಿನವರ ಪಾಲು ತೆಗೆದು, ನಿಮ್ಮ ಲೆಕ್ಕಕ್ಕೆ ಬಿದ್ದದ್ದರಲ್ಲಿ ಶೇ 45 ನಿಮಗೆ. ಷಾರ್ಟ್ಸ್ ದಾರಿಯಿಂದ ಅದಕ್ಕೆ ಸೇರಬೇಕಾದರೆ 1,000 ಚಂದಾದಾರರು, ಮತ್ತು 90 ದಿನಗಳಲ್ಲಿ ಷಾರ್ಟ್ಸಿಗೆ 1 ಕೋಟಿ ವೀಕ್ಷಣೆ.

“ಒಂದು ಕೋಟಿ!” ಭಾವ ಕುರ್ಚಿಯಿಂದ ಅರ್ಧ ಎದ್ದರು. “ಮೂವತ್ತೊಂದು ವರ್ಷದಲ್ಲಿ ನಾನು ಅಷ್ಟು ಟಿಕೆಟ್ ಹರಿದಿಲ್ಲ!”

ಲೆಕ್ಕ ಹಾಕಿದೆವು. ದಿನಕ್ಕೆ ಐನೂರು ಟಿಕೆಟ್, ವರ್ಷಕ್ಕೆ ಮುನ್ನೂರು ದಿನ. ಐವತ್ತು ಲಕ್ಷವೂ ದಾಟುವುದಿಲ್ಲ. ಭಾವನ ಮುಖ ಸಣ್ಣದಾಯಿತು. ಸಮಾಧಾನಕ್ಕೆಂದು ನಾನು, “ಎಣಿಕೆಯೂ ಈಗ ಸಡಿಲ ಆಗಿದೆ ಭಾವ. 2025ರ ಮಾರ್ಚ್ ಕೊನೆಯಿಂದ ಷಾರ್ಟ್ಸಿನಲ್ಲಿ ವಿಡಿಯೋ ಶುರುವಾದರೆ ಸಾಕು, ಒಂದು ವೀಕ್ಷಣೆ. ಎಷ್ಟು ಹೊತ್ತು ನೋಡಿದರು ಅಂತ ಕೇಳಲ್ಲ” ಎಂದೆ.

ಇದನ್ನು ಹೇಳಬಾರದಿತ್ತು. ಕಂಡಕ್ಟರ್ ಎದ್ದು ನಿಂತರು.

“ಅಂದರೆ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, ‘ಇದು ಬಾಣಾವರಕ್ಕೆ ಹೋಗುತ್ತಾ?’ ಅಂತ ಕೇಳಿ, ಇಲ್ಲ ಅಂದ ಮೇಲೆ ಇಳಿದನಲ್ಲ, ಅವನೂ ಪ್ಯಾಸೆಂಜರಾ?”

“ಎಣಿಕೆಗೆ ಪ್ಯಾಸೆಂಜರೇ. ದುಡ್ಡಿನ ಲೆಕ್ಕಕ್ಕೂ ಆ ಒಂದು ಕೋಟಿಗೂ ಮಾತ್ರ ನಿಂತು ನೋಡಿದವರನ್ನೇ ಬೇರೆ ಎಣಿಸುತ್ತಾರೆ.”

“ಎರಡು ವೇಬಿಲ್ಲು! ಒಂದು ಸಾಹೇಬರಿಗೆ ತೋರಿಸೋಕೆ, ಒಂದು ಕ್ಯಾಷಿಗೆ! ಇದನ್ನು ನಾನು ಮಾಡಿದ್ದಿದ್ದರೆ ಸಸ್ಪೆಂಡ್ ಮಾಡ್ತಿದ್ದರು ಕಣಯ್ಯಾ. ಈಗ ಹೆಂಗಸರಿಗೆ ಕೊಡೋ ಜೀರೋ ಟಿಕೆಟ್ಟಾದರೂ ಸರ್ಕಾರ ಅದರ ಹಿಂದೆ ದುಡ್ಡು ತುಂಬುತ್ತೆ. ನನ್ನ ಜೀರೋ ಟಿಕೆಟಿಗೆ ಯಾರು ತುಂಬ್ತಾರೆ?”

ನಾನು ಮಾತು ಬದಲಿಸಿದೆ. ಹದಿನೈದು ಸೆಕೆಂಡಿನ ಕಟ್ಟು ಈಗಿಲ್ಲ, ಬೇಕಾದಷ್ಟು ಹೊತ್ತು ನಟಿಸಬಹುದು ಎಂದೆ. ರೀಲ್ಸೂ ಷಾರ್ಟ್ಸೂ ಶುರುವಾದದ್ದು ಹದಿನೈದಕ್ಕೆ. ರೀಲ್ಸ್ ಮೂವತ್ತಾಯಿತು, ಅರವತ್ತಾಯಿತು, ತೊಂಬತ್ತಾಯಿತು. ಆಮೇಲೆ ಎರಡೂ ಮೂರು ನಿಮಿಷಕ್ಕೆ ಬೆಳೆದವು, ಷಾರ್ಟ್ಸ್ 2024ರ ಅಕ್ಟೋಬರ್‌ನಲ್ಲಿ, ರೀಲ್ಸ್ 2025ರ ಜನವರಿಯಲ್ಲಿ. ನಮ್ಮ ರಾಜ್ಯೋತ್ಸವದ ಮುಖ್ಯ ಅತಿಥಿಗಳು ‘ಎರಡೇ ಎರಡು ಮಾತು ಹೇಳಿ ಮುಗಿಸ್ತೀನಿ’ ಎಂದು ಮೈಕು ಹಿಡಿಯುತ್ತಾರಲ್ಲ, ಹಾಗೆ. ಚಿಕ್ಕದು ಎಂಬ ಹೆಸರಿಟ್ಟುಕೊಂಡದ್ದೆಲ್ಲ ಬೆಳೆಯುತ್ತ ಹೋಗಿ ಕೊನೆಗೆ ಪೂರಾ ಸಿನಿಮಾ ಆಗಿ, ಆಗ ಇನ್ನೊಬ್ಬ ಹುಡುಗ ಬಂದು ‘ನನ್ನದು ಹತ್ತೇ ಸೆಕೆಂಡು’ ಎಂದು ಹೊಸ ಅಂಗಡಿ ತೆಗೆಯುತ್ತಾನೆ ಎಂಬುದು ನನ್ನ ಭವಿಷ್ಯವಾಣಿ.

“ಮೂರು ನಿಮಿಷ ಯಾಕೆ? ಮಗು ಮೂರನೇ ಕ್ಲಾಸು ಅಂದ ಮೇಲೆ ಇನ್ನೇನಿದೆ ಹೇಳೋಕೆ?” ಎಂದರು ಭಾವ. ಕಲಾವಿದ ಎಂದರೆ ಹೀಗಿರಬೇಕು. ನಮ್ಮ ಕೆಲವು ಸಿನಿಮಾ ನಿರ್ದೇಶಕರನ್ನು ಅರಸೀಕೆರೆಗೆ ಕಳಿಸಬೇಕು ಅನ್ನಿಸಿತು.

ಅಷ್ಟರಲ್ಲಿ ಅಕ್ಕನ ಮಗನ ವಿಡಿಯೋ ಕಾಲ್ ಬಂತು, ನ್ಯೂಜೆರ್ಸಿಯಿಂದ. ವಿಷಯ ಕೇಳಿ ಅವನು ನಕ್ಕ. 2025ರ ಜನವರಿಯಲ್ಲಿ ಇದೇ ನಾಟಕ ಅಲ್ಲೂ ನಡೆಯಿತಲ್ಲ. 17ರಂದು ಅಮೆರಿಕದ ಸುಪ್ರೀಂ ಕೋರ್ಟು ಟಿಕ್‌ಟಾಕ್ ನಿಷೇಧದ ಕಾನೂನನ್ನು ಎತ್ತಿಹಿಡಿಯಿತು, 18ರ ರಾತ್ರಿ ಟಿಕ್‌ಟಾಕ್ ಕತ್ತಲಾಯಿತು, ಮಾರನೆಯ ದಿನವೇ ಮತ್ತೆ ದೀಪ ಹತ್ತಿತು. ಅದಕ್ಕೂ ಕೆಲವು ದಿನ ಮುಂಚಿನಿಂದಲೇ ಅಮೆರಿಕದ ಹುಡುಗರು ‘ನಾವು ಟಿಕ್‌ಟಾಕ್ ನಿರಾಶ್ರಿತರು’ ಎಂದುಕೊಂಡು ಗುಂಪುಗುಂಪಾಗಿ ರೆಡ್‌ನೋಟ್ ಎಂಬ ಆ್ಯಪಿಗೆ ನುಗ್ಗಿದರು. ಅದೂ ಚೀನಾದ್ದೇ! ಟಿಕ್‌ಟಾಕಿಗಾದರೂ ಅಮೆರಿಕದಲ್ಲಿ ಒಂದು ಆಫೀಸಿತ್ತು; ಇದು ಷಾಂಘೈ ಮೂಲದ, ಚೀನೀ ಜನ ಚೀನೀ ಭಾಷೆಯಲ್ಲಿ ಬಳಸುವ ಸಾಕ್ಷಾತ್ ಚೀನೀ ಆ್ಯಪು. ಚೀನಾಕ್ಕೆ ನಮ್ಮ ಮಾಹಿತಿ ಹೋಗುತ್ತದೆ ಎಂದು ಹೆದರಿಸಿದ ಸರ್ಕಾರಕ್ಕೆ ಆ ಮಕ್ಕಳು ಕೊಟ್ಟ ಉತ್ತರ ಅದು. ನಾವು 2020ರಲ್ಲಿ ಕೋಪದಲ್ಲಿ ಸ್ವದೇಶಿಯಾದೆವು, ಅವರು 2025ರಲ್ಲಿ ಕೋಪದಲ್ಲಿ ಪರದೇಶಿಯಾದರು.

“ಆ ರಾತ್ರಿ ನನಗೇ ಫೋನ್ ಮಾಡಿದ್ದ” ಎಂದರು ಭಾವ, ಹಿರಿಯ ನಿರಾಶ್ರಿತನ ಗತ್ತಿನಲ್ಲಿ. “‘ಅಪ್ಪಾ, ವಿಡಿಯೋಗಳನ್ನ ಮೊದಲು ಇಳಿಸಿಕೋಬೇಕಾ?’ ಅಂತ. ‘ಮೊದಲು ಅದು ಮಾಡು, ಆಮೇಲೆ ಅಳು’ ಅಂದೆ.”

ಮಗ ಇನ್ನೊಂದು ಉಪಾಯ ಹೇಳಿದ. ಈಗ ಹೊಸ ಬಗೆಯ ಕೆಲವು ಆ್ಯಪುಗಳಿವೆಯಂತೆ: ಸ್ಕೈಲೈಟ್ ಎಂಬುದು ಬ್ಲೂಸ್ಕೈ ಎಂಬ ಜಾಲತಾಣ ನಡೆಯುವ ತೆರೆದ ವ್ಯವಸ್ಥೆಯ ಮೇಲೆಯೇ ಕಟ್ಟಿದ್ದು, ಲೂಪ್ಸ್ ಎಂಬುದು ಫೆಡಿವರ್ಸ್ ಎಂಬ ಒಕ್ಕೂಟದ್ದು. ಅಲ್ಲಿನ ಆಸೆ ಏನೆಂದರೆ, ಖಾತೆ ಆ್ಯಪಿನದಲ್ಲ, ನಮ್ಮದು. ಆ್ಯಪು ಬದಲಾಯಿಸಿದರೂ ಹಿಂಬಾಲಕರು ಜೊತೆಗೇ ಬರಬೇಕು. ನಂಬರ್ ಬದಲಿಸದೆ ಸಿಮ್ ಕಂಪನಿ ಬದಲಿಸುತ್ತೇವಲ್ಲ, ಹಾಗೆ.

ಭಾವನ ಕಣ್ಣು ಹೊಳೆಯಿತು. “ಅಂದರೆ ಡಿಪೋ ಬದಲಾದರೂ ಪ್ಯಾಸೆಂಜರ್‌ಗಳು ನನ್ನ ಹಿಂದೆಯೇ ಬರ್ತಾರೆ?”

“ಬರ್ತಾರೆ ಅಪ್ಪಾ. ಆದರೆ ಅಲ್ಲಿ ಈಗ ಅರಸೀಕೆರೆಯವರು ಯಾರೂ ಇಲ್ಲ.”

“ಖಾಲಿ ಬಸ್ಸು” ಎಂದು ಭಾವ ಕೂತರು.

ಇಷ್ಟು ಹೊತ್ತೂ ಹಾಕುವವರ ಮಾತೇ ಆಯಿತು. ನೋಡುವವರ ಪರವಾಗಿ ಮನೆಯಲ್ಲಿ ಒಬ್ಬಳು ಇದ್ದಾಳೆ. ಅಕ್ಕನನ್ನು ಕೇಳಿದೆ, ನೀನು ಯಾವುದರಲ್ಲಿ ನೋಡುತ್ತೀಯಾ? “ನನಗೇನು ಗೊತ್ತು? ಫೋನಿನಲ್ಲಿ” ಎಂದಳು. ಫೋನು ತಂದು ತೋರಿಸಿದಳು. ವಾಟ್ಸಾಪಿನಲ್ಲಿ ಬಂದದ್ದು, ಫೇಸ್‌ಬುಕ್ಕಿನಲ್ಲಿ ಸಿಕ್ಕಿದ್ದು, ಯೂಟ್ಯೂಬಿನದು. ಮೂರರಲ್ಲೂ ಒಂದೇ ರಂಗೋಲಿ. ಒಂದು ದಿನ ಆರು ಚುಕ್ಕಿಯ ರಂಗೋಲಿಯೊಂದನ್ನು ಎರಡು ಸಲ ನೋಡಿದ್ದಳಂತೆ, ಅಷ್ಟೇ ತಪ್ಪು. ಆಮೇಲೆ ಲೋಕದಲ್ಲಿ ರಂಗೋಲಿ ಬಿಟ್ಟು ಇನ್ನೇನೂ ಇಲ್ಲ ಎನ್ನುವ ಹಾಗೆ ಎಲ್ಲ ಆ್ಯಪುಗಳೂ ಚುಕ್ಕಿ ಇಡತೊಡಗಿದವು. ಟಿಕ್‌ಟಾಕ್ ಲೋಕಕ್ಕೆ ಕಲಿಸಿದ ವಿದ್ಯೆ ಇದೇ. ಅದಕ್ಕಿಂತ ಮುಂಚೆ ನಿಮ್ಮ ಸ್ನೇಹಿತರು ಯಾರು ಎಂದು ಕೇಳಿ ಅವರ ಚಿತ್ರ ತೋರಿಸುತ್ತಿದ್ದರು; ಇದು ನೀವು ಎಲ್ಲಿ ಬೆರಳು ನಿಲ್ಲಿಸಿದಿರಿ ಎಂದು ನೋಡಿಕೊಂಡು, ಗುರುತೇ ಇಲ್ಲದವರನ್ನು ತಂದು ಮುಂದೆ ನಿಲ್ಲಿಸಿತು. ನಮ್ಮ ಭಾವನಿಗೆ ಹನ್ನೊಂದು ಸಾವಿರ ಜನ ಸಿಕ್ಕಿದ್ದೂ ಹಾಗೆಯೇ.

“ಬೇಡದ್ದು ಬಂದರೆ ಒತ್ತಿ ಹಿಡಿದು ‘ಆಸಕ್ತಿ ಇಲ್ಲ’ ಅಂತ ಕೊಡಕ್ಕಾ, ಬರೋದು ಕಡಿಮೆಯಾಗುತ್ತೆ” ಎಂದು ತೋರಿಸಿಕೊಟ್ಟೆ.

“ಹೌದಾ?” ಎಂದು ಅಕ್ಕ ಫೋನನ್ನು ಭಾವನ ಮುಖದ ಮುಂದೆ ಹಿಡಿದು, ಹೆಬ್ಬೆರಳು ಒತ್ತಿ ಹಿಡಿದಳು. “ಇದಕ್ಕೆ ಬರಲ್ಲವಲ್ಲೋ!”

ಸಂಜೆ ಹೊರಡುವ ಹೊತ್ತಿಗೆ ತೀರ್ಮಾನವಾಯಿತು. ಷಾರ್ಟ್ಸಿಗೆ ಮೊದಲು, ಮುದ್ರೆಯಿಲ್ಲದ ಅದೇ ವಿಡಿಯೋ ರೀಲ್ಸಿಗೂ. ಮೋಜ್‌ನಲ್ಲಿ ಕನ್ನಡದವರು ಸಿಕ್ಕರೆ ಅಲ್ಲಿಗೂ. ನಾಣ್ಯ ಬೀಳುವ ಕಡೆ ಕಾಲಿಡುವುದಿಲ್ಲ. ಸೆರಗು ಕೇಳಿಯೇ ತೆಗೆದುಕೊಳ್ಳುವುದು. ಇದು ಅಕ್ಕ ಸೇರಿಸಿದ ಷರತ್ತು. ಭಾವ ಜಂಕ್ಷನ್‌ವರೆಗೆ ಬಂದು ಬೀಳ್ಕೊಟ್ಟರು. ನನ್ನ ರೈಲು ಒಂದನೇ ಪ್ಲಾಟ್‌ಫಾರಮ್ಮಿಗೆ ಬರುತ್ತದೆಂದು ಅವರೇ ಗಟ್ಟಿಯಾಗಿ ಹೇಳಿದ್ದರಿಂದ ಅಲ್ಲೇ ನಿಂತೆವು. ಅದು ಮೂರಕ್ಕೆ ಬಂತು. ಮೇಲ್ಸೇತುವೆಯ ಮೆಟ್ಟಿಲು ಓಡುವಾಗ ಹಿಂದಿನಿಂದ “ಅದು ರೈಲ್ವೆಯವರ ತಪ್ಪು, ನಂದಲ್ಲ” ಎಂಬ ಕೂಗು ಕೇಳಿಸಿತು.

ಬುಧವಾರ ರಾತ್ರಿ ಹನ್ನೊಂದಕ್ಕೆ ಒಂದು ಕೊಂಡಿ ಬಂತು. ‘ಅರ್ಧ ಟಿಕೆಟ್, ಹೊಸದು.’ ವೀಕ್ಷಣೆ 213 ಇತ್ತು. ಒತ್ತಿದೆ. ಭಾವ ಬಂದರು, ಚೀಲ ಬಂತು, “ಮಗೂಗೆ ಎಷ್ಟಮ್ಮ...” ಅನ್ನುವಷ್ಟರಲ್ಲಿ ನಿದ್ದೆಗಣ್ಣಿನ ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಮೇಲಕ್ಕೆ ಹೋಯಿತು. ಯಾರೋ ಹೆಂಗಸು ಆರು ಚುಕ್ಕಿ ಇಡುತ್ತಿದ್ದಳು. ಗಾಬರಿಯಿಂದ ವಾಪಸ್ಸು ಬರುವ ಮೊದಲೇ ಫೋನು ಹೊಡೆದುಕೊಂಡಿತು.

“ನೋಡಿದ್ಯೇನಯ್ಯಾ?”

“ನೋಡ್ದೆ ಭಾವ. ತುಂಬ ಚೆನ್ನಾಗಿದೆ.”

“214 ಆಯ್ತು ಈಗ ತಾನೆ, ಅದು ನೀನೇ ಇರಬೇಕು ಅಂದ್ಕೊಂಡೆ.” ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಮೂವತ್ತೊಂದು ವರ್ಷದ ಹಳೆಯ ದನಿ ಕೇಳಿತು: “ಟಿಕೆಟ್ ತಗೊಂಡ್ಯೋ, ಬಾಣಾವರಕ್ಕೆ ಹೋಗುತ್ತಾ ಅಂತ ಕೇಳಿ ಇಳಿದ್ಯೋ?”